ಸೋಲಿನ ಲೆಕ್ಕ, ಬಡ್ತಿಯ ಲೆಕ್ಕ

ಬಡ್ತಿ ಎಂಬ ಎರಡಕ್ಷರದ ಮಾತು ಸಂಬಳವನ್ನು ನಂಬಿ ಬಾಳುವ ಮನೆಗಳಲ್ಲಿ ಎಷ್ಟು ಆಸೆಯನ್ನೂ ಎಷ್ಟು ಕಹಿಯನ್ನೂ ಹುಟ್ಟಿಸಬಲ್ಲುದೆಂಬುದು ಓದುಗರಿಗೆ ಹೊಸತಲ್ಲ. ಹಿರಿತನದ ಪಟ್ಟಿಯಲ್ಲಿ ತನಗಿಂತ ಕೆಳಗಿದ್ದವನು ಒಂದು ಬೆಳಗ್ಗೆ ತನ್ನ ಮೇಲಧಿಕಾರಿಯಾಗಿ ಕುಳಿತಿರುವುದನ್ನು ಕಂಡುಬಂದ ಗುಮಾಸ್ತನು, ಆ ರಾತ್ರಿ ಊಟಕ್ಕೆ ಕುಳಿತಾಗ ಹುಳಿಗೆ ಉಪ್ಪು ಸಾಲದೆಂದು ಹೆಂಡತಿಯ ಮೇಲೆ ರೇಗುತ್ತಾನೆ. ಉಪ್ಪು ಸರಿಯಾಗಿಯೇ ಇರುತ್ತದೆ. ಆಕೆಗೂ ಅದು ಗೊತ್ತು. ಆದುದರಿಂದಲೇ ಮಾತಿಲ್ಲದೆ ಉಪ್ಪಿನ ಬಟ್ಟಲನ್ನು ಎಲೆಯ ಪಕ್ಕಕ್ಕೆ ಸರಿಸುತ್ತಾಳೆ. ಒಂದೆರಡು ತಿಂಗಳಲ್ಲಿ ಆ ನೋವು ಆರುತ್ತದೆ. ಸಂಸಾರ ಎಂದಿನಂತೆ ಸಾಗುತ್ತದೆ.

ದಂಡಿನ ಬಡ್ತಿಯ ಕಥೆ ಬೇರೆ. ಅಲ್ಲಿ ಯೋಗ್ಯನಲ್ಲದವನು ಮೇಲೇರಿದರೆ ಅದರ ಬೆಲೆಯನ್ನು ತೆರುವವರು ಅವನ ಕೈಕೆಳಗಿನ ಸಾವಿರಾರು ಸಿಪಾಯಿಗಳು. ಆ ಸಿಪಾಯಿಗಳು ಹುಟ್ಟಿದ ಹಳ್ಳಿಗಳು. ಆದುದರಿಂದ ಸೇನಾಪತಿಗಳ ವಿಷಯದಲ್ಲಿ ಎರಡು ಪ್ರಶ್ನೆಗಳು ಯಾವಾಗಲೂ ಜೊತೆಯಾಗಿಯೇ ಬರುತ್ತವೆ. ಸೋತವನು ಯಾರಿಗೆ ಲೆಕ್ಕ ಒಪ್ಪಿಸಬೇಕು? ಮೇಲೇರಿದವನು ಯಾವ ಲೆಕ್ಕದ ಮೇಲೆ ಏರಿದನು?

ಈ ಎರಡು ಪ್ರಶ್ನೆಗಳನ್ನು ಯೋಚಿಸುವವರು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ಕುಳಿತು, ಮದ್ದೂರಿನಲ್ಲಿ ವಡೆಯ ಪೊಟ್ಟಣ ಬಿಚ್ಚಿ, ಮಂಡ್ಯದ ಕಬ್ಬಿನ ಗದ್ದೆಗಳನ್ನು ನೋಡುತ್ತ ಶ್ರೀರಂಗಪಟ್ಟಣದ ಕೋಟೆಯ ಗೋಡೆಯನ್ನು ಕಾಣುವಷ್ಟರೊಳಗೆ ಪ್ರಯಾಣಿಕನು ಹಾದುಬರುವ ಸೀಮೆಯೇ ಈ ಪ್ರಶ್ನೆಗಳ ಪಾಠಶಾಲೆ. ಮಂಡ್ಯ ಜಿಲ್ಲೆಯಾದುದು 1939ರಲ್ಲಿ. ಅದಕ್ಕೆ ಒಂದೂವರೆ ಶತಮಾನ ಮೊದಲೇ, 1791ರಿಂದ 1799ರವರೆಗಿನ ಎಂಟು ವರ್ಷಗಳಲ್ಲಿ, ಮುಂದೆ ಲೋಕಪ್ರಸಿದ್ಧರಾದ ಸೇನಾಪತಿಗಳು ಈ ನೆಲದಲ್ಲಿ ಸೋತರು, ಗೆದ್ದರು, ಮುನಿಸಿಕೊಂಡರು, ಮೇಲೇರಿದರು.

ಮೊದಲನೆಯವನು ಲಾರ್ಡ್ ಕಾರ್ನ್‌ವಾಲಿಸ್. 1781ರ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನಿನಲ್ಲಿ ತನ್ನ ಇಡೀ ಸೈನ್ಯವನ್ನು ವಾಷಿಂಗ್‌ಟನ್ನನಿಗೂ ಫ್ರೆಂಚರಿಗೂ ಒಪ್ಪಿಸಿ ಶರಣಾದವನು ಇವನೇ. ಇಂಗ್ಲೆಂಡು ಒಂದು ದೊಡ್ಡ ದೇಶವನ್ನು ಕಳೆದುಕೊಂಡಿತು. ಐದು ವರ್ಷ ಕಳೆಯುವುದರೊಳಗೆ, 1786ರಲ್ಲಿ, ಅದೇ ಕಾರ್ನ್‌ವಾಲಿಸನು ಇಂಡಿಯಾಕ್ಕೆ ಗವರ್ನರ್ ಜನರಲ್ ಆಗಿ ಬಂದನು. ಸೈನ್ಯದ ಮಹಾದಂಡನಾಯಕನ ಪದವಿಯನ್ನೂ ಕೂಡಿಸಿಕೊಂಡೇ ಬಂದನು. ಸೋಲಿನ ಹೊಣೆಯನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲವೆಂದು ಅವನ ದೇಶದ ಹಿರಿಯರು ಎಣಿಸಿದರು.

1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಕನಕಪುರದ ಕಡೆಯ ದಾರಿಯಿಂದ ಇಳಿದು ಅರಕೆರೆಯ ಬಳಿ ಕಾವೇರಿಯನ್ನು ಮುಟ್ಟಿದನು. ಮೇ 15ರಂದು ಅಲ್ಲಿ ನಡೆದ ಕಾಳಗದಲ್ಲಿ ಗೆಲುವು ಅವನದೇ ಆಯಿತು. ಆದರೆ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು, ಸೈನಿಕರಿಗೆ ಅಕ್ಕಿಯಿರಲಿಲ್ಲ, ಮಳೆ ಹಿಡಿದಿತ್ತು. ಕೊನೆಗೆ ಕನ್ನಂಬಾಡಿಯ ಬಳಿ, ಅಷ್ಟು ದೂರದಿಂದ ಎಳೆದು ತಂದ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿಸಿ ಹಿಂದಿರುಗಬೇಕಾಯಿತು. ಮರಾಠರ ಸೈನ್ಯ ದವಸಧಾನ್ಯಗಳೊಡನೆ ಬಂದು ಕೂಡಿದ್ದು ಅದಾದ ಕೆಲವೇ ದಿನಗಳ ಮೇಲೆ.

ಈ ನಷ್ಟಕ್ಕೆ ಲೆಕ್ಕ ಕೇಳುವವರು ಯಾರು? ಸೇನಾಪತಿಯ ಮೇಲಿನ ಅಧಿಕಾರಿ ಗವರ್ನರ್ ಜನರಲ್. ಆ ಗವರ್ನರ್ ಜನರಲ್ ಸಹ ಅವನೇ. ಮಂಡ್ಯದ ಬೆಲ್ಲದ ವ್ಯಾಪಾರದಲ್ಲಿ ಇದನ್ನು ಯಾರೂ ಒಪ್ಪಲಾರರು. ತಕ್ಕಡಿ ಹಿಡಿಯುವವನು ಒಬ್ಬನಾಗಿರಬೇಕು, ಬೆಲ್ಲದ ಒಡೆಯನು ಇನ್ನೊಬ್ಬನಾಗಿರಬೇಕೆಂಬುದು ಆಲೆಮನೆಯ ಆಳಿಗೂ ತಿಳಿದ ನ್ಯಾಯ. ಕಾರ್ನ್‌ವಾಲಿಸನ ಪುಣ್ಯ, ಅವನು ತನ್ನ ತಪ್ಪನ್ನು ತಾನೇ ತೂಗಿನೋಡಬಲ್ಲವನಾಗಿದ್ದನು. ಮುಂದಿನ ತಿಂಗಳುಗಳಲ್ಲಿ ನಂದಿದುರ್ಗ, ಸಾವನದುರ್ಗಗಳನ್ನು ಹಿಡಿದು, ಸಾಮಗ್ರಿಯ ದಾರಿಯನ್ನು ಭದ್ರಪಡಿಸಿಕೊಂಡು, 1792ರ ಫೆಬ್ರುವರಿಯಲ್ಲಿ ಮತ್ತೆ ಬಂದನು. ಈ ಸಲ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ, ಹಣ ಸಲ್ಲುವ ತನಕ ಒತ್ತೆಯಾಗಿ ತನ್ನಿಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು. ಕಾರ್ನ್‌ವಾಲಿಸನು ಮಾರ್ಕ್ವಿಸ್ ಆದನು. ಕನ್ನಂಬಾಡಿಯ ಫಿರಂಗಿಗಳನ್ನೂ, ಹಸಿದು ಸತ್ತ ಎತ್ತುಗಳನ್ನೂ ಯಾರೂ ನೆನೆಯಲಿಲ್ಲ.

ಏಳು ವರ್ಷಗಳ ಮೇಲೆ ಈ ನೆಲಕ್ಕೆ ಇನ್ನಿಬ್ಬರು ಬಂದರು. ಬಡ್ತಿಯ ನಿಜವಾದ ಕಥೆ ಇವರದು.

ಹಿರಿಯನು ಡೇವಿಡ್ ಬೇರ್ಡ್. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೇಲಿಯ ದಂಡನ್ನು ನುಚ್ಚುನೂರು ಮಾಡಿದಾಗ ಗಾಯಗೊಂಡು ಸೆರೆಸಿಕ್ಕವರಲ್ಲಿ ಇಪ್ಪತ್ತೆರಡರ ಈ ಕ್ಯಾಪ್ಟನ್ನನೂ ಒಬ್ಬನು. ಅಂದು ಸ್ವಲ್ಪವೇ ದೂರದಲ್ಲಿ ಕಂಚಿಯಲ್ಲಿ ತನ್ನ ಸೈನ್ಯದೊಡನೆ ಇದ್ದ ಸರ್ ಹೆಕ್ಟರ್ ಮನ್ರೋ ಸಕಾಲಕ್ಕೆ ನೆರವಿಗೆ ಹೋಗಲಿಲ್ಲ; ಸೋಲಿನ ಸುದ್ದಿ ಬಂದೊಡನೆ ಭಾರವಾದ ಫಿರಂಗಿಗಳನ್ನು ಅಲ್ಲಿನ ಕೆರೆಗೆ ನೂಕಿಸಿ ಮದರಾಸಿನತ್ತ ಹಿಂದೆಗೆದನು. ಮನ್ರೋ ಮರುವರ್ಷ ನಾಗಪಟ್ಟಣವನ್ನು ಗೆದ್ದು ಕೀರ್ತಿವಂತನಾದನು. ಬೇರ್ಡ್‌ನಾದರೋ ಶ್ರೀರಂಗಪಟ್ಟಣದ ಸೆರೆಯಲ್ಲಿ ಕಾಲಿಗೆ ಬೇಡಿ ತೊಟ್ಟು, 1784ರ ಮಂಗಳೂರು ಒಪ್ಪಂದವಾಗುವ ತನಕ ಮೂರೂವರೆ ವರ್ಷ ಕಳೆದನು. ಮೇಲಿನವನ ತಪ್ಪಿನ ಲೆಕ್ಕ ಕೆಳಗಿನವನ ಕಾಲಿನಲ್ಲಿ ಬರೆಯಲ್ಪಟ್ಟಿತು.

ಕಿರಿಯನು ಆರ್ಥರ್ ವೆಲ್ಲೆಸ್ಲಿ. ಬೇರ್ಡ್‌ಗಿಂತ ಹನ್ನೊಂದು ವರ್ಷಕ್ಕೂ ಮಿಕ್ಕು ಚಿಕ್ಕವನು. ಆಗಿನ ಇಂಗ್ಲಿಷ್ ಸೈನ್ಯದಲ್ಲಿ ಲೆಫ್ಟಿನೆಂಟ್ ಕರ್ನಲ್ ಪದವಿಯವರೆಗೆ ಅಧಿಕಾರವನ್ನು ಹಣ ಕೊಟ್ಟು ಕೊಳ್ಳುವ ಪದ್ಧತಿಯಿತ್ತು. ಅದು ರದ್ದಾದುದು 1871ರಲ್ಲಿ. ಅಣ್ಣನಿಂದ ಸಾಲ ತಂದ ಹಣದಲ್ಲಿ ಆರ್ಥರ್ 1793ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ, ಲೆಫ್ಟಿನೆಂಟ್ ಕರ್ನಲ್ ಆದನು. ಆ ಅಣ್ಣನೇ ರಿಚರ್ಡ್ ವೆಲ್ಲೆಸ್ಲಿ. 1798ರಲ್ಲಿ ಅವನು ಇಂಡಿಯಾದ ಗವರ್ನರ್ ಜನರಲ್ ಆಗಿ ಬಂದಿಳಿದಾಗ ತಮ್ಮನು ಕರ್ನಲ್ ಆಗಿ ಇಲ್ಲಿಯೇ ಇದ್ದನು.

1799ರಲ್ಲಿ ಜನರಲ್ ಹ್ಯಾರಿಸನ ನಾಯಕತ್ವದಲ್ಲಿ ದಂಡು ಮೈಸೂರಿನ ಮೇಲೆ ಹೊರಟಿತು. ನಿಜಾಮನ ಕಡೆಯ ದೊಡ್ಡ ಪಡೆಯನ್ನು ನಡೆಸುವ ಹೊಣೆ ಕರ್ನಲ್ ವೆಲ್ಲೆಸ್ಲಿಗೆ ದೊರೆಯಿತು. ಮೇಜರ್ ಜನರಲ್ ಆಗಿದ್ದ ಬೇರ್ಡ್‌ಗೆ ಅದಕ್ಕಿಂತ ಚಿಕ್ಕದಾದ ಬ್ರಿಗೇಡ್ ಸಿಕ್ಕಿತು. ಬೇರ್ಡ್ ಪ್ರತಿಭಟಿಸಿದನು, ಫಲವಾಗಲಿಲ್ಲ.

ಟಿಪ್ಪು ಮೊದಲು ಮದ್ದೂರಿನ ಹೊಳೆಯ ದಂಡೆಯನ್ನು ಕಾಳಗಕ್ಕೆ ಆರಿಸಿಕೊಂಡಿದ್ದು, ಬಳಿಕ ಮನಸ್ಸು ಬದಲಿಸಿ ಮಳವಳ್ಳಿಗೆ ಸರಿದನೆಂದು ಕರ್ನಲ್ ವಿಲ್ಕ್ಸ್ ತನ್ನ ಮೈಸೂರಿನ ಚರಿತ್ರೆಯಲ್ಲಿ ಬರೆದಿದ್ದಾನೆ. ಮಾರ್ಚಿ 27ರಂದು ಮಳವಳ್ಳಿಯ ಹತ್ತಿರ ಎರಡು ದಂಡುಗಳೂ ಎದುರಾದವು. ಎಡಪಕ್ಕದಲ್ಲಿ ವೆಲ್ಲೆಸ್ಲಿಯ 33ನೆಯ ರೆಜಿಮೆಂಟು ಮೈಸೂರಿನ ಕಾಲಾಳುಗಳು ತೀರ ಹತ್ತಿರ ಬರುವ ತನಕ ಗುಂಡು ಹಾರಿಸದೆ ಕಾದು ನಿಂತಿತು; ಹಿಂದಿನಿಂದ ಕುದುರೆಯ ಪಡೆ ಮೇಲೆ ಬಿದ್ದಿತು. ಟಿಪ್ಪು ಹಿಂದೆಗೆದನು. ಹ್ಯಾರಿಸನು ಹಳೆಯ ಅರಕೆರೆಯ ದಾರಿಯಲ್ಲಿ ಬರುವನೆಂದು ಸುಲ್ತಾನನು ಎಣಿಸಿದ್ದರೆ, ಅವನು ಸೋಸಲೆಯಲ್ಲಿ ಕಾವೇರಿಯನ್ನು ದಾಟಿ ಏಪ್ರಿಲ್ 5ರ ಹೊತ್ತಿಗೆ ಶ್ರೀರಂಗಪಟ್ಟಣದ ಪಡುವಲಲ್ಲಿ ಬೀಡುಬಿಟ್ಟನು.

ಆ ರಾತ್ರಿಯೇ ವೆಲ್ಲೆಸ್ಲಿಗೆ ಒಂದು ಕೆಲಸ ಬಂದಿತು. ಕೋಟೆಯ ಮುಂದಿದ್ದ ಸುಲ್ತಾನಪೇಟೆಯ ತೋಪಿನಿಂದ ಟಿಪ್ಪುವಿನ ಸಿಪಾಯಿಗಳನ್ನು ಓಡಿಸಬೇಕು. ಹಗಲು ಆ ಜಾಗವನ್ನು ಚೆನ್ನಾಗಿ ನೋಡಿಕೊಂಡಿರಲಿಲ್ಲ. ಕತ್ತಲೆ, ಮರಗಳು, ನೀರಿನ ಕಾಲುವೆಗಳು, ಎತ್ತಲಿಂದಲೋ ಹಾರಿಬರುವ ರಾಕೆಟ್ಟುಗಳು. ಪಡೆ ದಿಕ್ಕುಗೆಟ್ಟು ಚದುರಿತು. ವೆಲ್ಲೆಸ್ಲಿಯ ಮೊಣಕಾಲಿಗೆ ಬಿಸಿಯಾರಿದ ಗುಂಡೊಂದು ಬಡಿಯಿತು. ಅವನ ಕೆಲವರು ಸತ್ತರು. ಕೆಲವರು ಸೆರೆಸಿಕ್ಕವರು ಬದುಕಿ ಬರಲಿಲ್ಲ. ನಡುರಾತ್ರಿ ಹ್ಯಾರಿಸನ ಡೇರೆಗೆ ಬಂದು ತನ್ನಿಂದ ಕೆಲಸವಾಗಲಿಲ್ಲವೆಂದು ವೆಲ್ಲೆಸ್ಲಿ ತಿಳಿಸಿದನು.

ಮಾರನೆಯ ದಿನ ಅದೇ ತೋಪಿನ ಮೇಲೆ ಹೊಸ ಪಡೆ ಹೊರಡಬೇಕಾಯಿತು. ವೆಲ್ಲೆಸ್ಲಿಗೆ ಅಪ್ಪಣೆ ತಲುಪುವುದು ತಡವಾಗಿ, ಅವನಿನ್ನೂ ಬಂದಿರಲಿಲ್ಲ. ಹ್ಯಾರಿಸನು ಬೇರ್ಡ್‌ಗೆ ನಾಯಕತ್ವ ವಹಿಸಲು ಹೇಳಿದನೆಂದೂ, ಹಿಂದಿನ ರಾತ್ರಿಯ ಸೋಲನ್ನು ತೊಳೆದುಕೊಳ್ಳಲು ವೆಲ್ಲೆಸ್ಲಿಗೆ ಒಂದು ಅವಕಾಶ ಕೊಡುವುದು ನ್ಯಾಯವೆಂದು ಬೇರ್ಡ್ ಉತ್ತರಿಸಿದನೆಂದೂ ಬೇರ್ಡ್‌ನ ಚರಿತ್ರೆಕಾರನು ಹೇಳಿದ್ದಾನೆ. ಅಷ್ಟರಲ್ಲಿ ವೆಲ್ಲೆಸ್ಲಿ ಬಂದನು. ಹಗಲು ಬೆಳಕಿನಲ್ಲಿ ತೋಪನ್ನು ಹಿಡಿದನು. ಚೆನ್ನಾಗಿ ನೆಲೆಯೂರಿದ ಶತ್ರುವಿನ ಮೇಲೆ, ಹಗಲಿನಲ್ಲಿ ಜಾಗವನ್ನು ನೋಡದೆ, ರಾತ್ರಿಯಲ್ಲಿ ಎಂದೂ ಬೀಳಬಾರದೆಂದು ನಿಶ್ಚಯಿಸಿಕೊಂಡುದಾಗಿ ಅವನು ಬರೆದಿಟ್ಟಿದ್ದಾನೆ. ಪಾಠವನ್ನು ಕಲಿತವನು ಅವನು. ಪಾಠದ ಶುಲ್ಕವನ್ನು ತೆತ್ತವರು ಆ ತೋಪಿನಲ್ಲಿ ಸತ್ತ ಸಿಪಾಯಿಗಳು.

ಮೇ 4ರ ಮಧ್ಯಾಹ್ನ ಕೋಟೆಗೆ ಲಗ್ಗೆಯಾಯಿತು. ಮುಂದಾಳಾಗಲು ತಾನಾಗಿಯೇ ಕೇಳಿಕೊಂಡವನು ಬೇರ್ಡ್. ಬೇಡಿ ತೊಟ್ಟು ಕಾಲ ಕಳೆದ ಊರಿನ ಗೋಡೆಯನ್ನು ಕತ್ತಿ ಹಿರಿದು ಏರಿದನು. ನಾಲ್ಕು ಸಾವಿರಕ್ಕೆ ಮೀರಿದ ಜನ ಅವನ ಹಿಂದೆ ಹೊಳೆ ದಾಟಿ ನುಗ್ಗಿದರು. ವೆಲ್ಲೆಸ್ಲಿ ಮೀಸಲು ಪಡೆಯೊಡನೆ ಹಿಂದಿನ ಕಂದಕದಲ್ಲಿದ್ದನು. ಟಿಪ್ಪು ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಮಡಿದನು. ಹೊತ್ತು ಮುಳುಗಿದ ಮೇಲೆ ದೀವಟಿಗೆಯ ಬೆಳಕಿನಲ್ಲಿ ಹೆಣಗಳ ರಾಶಿಯೊಳಗೆ ಸುಲ್ತಾನನ ದೇಹವನ್ನು ಹುಡುಕಿ ತೆಗೆಸಿದವನೂ ಬೇರ್ಡ್‌ನೇ.

ಮರುದಿನ ಅರಮನೆಯಲ್ಲಿ ಬೇರ್ಡ್ ಬೆಳಗಿನ ಉಪಾಹಾರಕ್ಕೆ ಕುಳಿತಿದ್ದಾಗ ವೆಲ್ಲೆಸ್ಲಿ ಬಂದು ನಿಂತನು. ಪಟ್ಟಣದ ಆಡಳಿತ ಇನ್ನು ಮೇಲೆ ಕರ್ನಲ್ ವೆಲ್ಲೆಸ್ಲಿಯದೆಂದು ಹ್ಯಾರಿಸನ ಅಪ್ಪಣೆಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆ ಅಂದು ಆ ಮೇಜಿನ ಮೇಲೆಯೇ ನಡೆದುಹೋಯಿತು. ಹಣೆಯ ಬೆವರು ಆರುವ ಮೊದಲೇ ತನಗಿಂತ ಕೆಳಗಿನವನು ತನ್ನ ಜಾಗಕ್ಕೆ ಬಂದನೆಂದು ಬೇರ್ಡ್ ಮುಂದೆ ನೊಂದು ನುಡಿದನು. ಹ್ಯಾರಿಸನಿಗೆ ಕಾಗದ ಬರೆದನು. ಹ್ಯಾರಿಸನು ಗದರಿಸಿ ಉತ್ತರ ಕೊಟ್ಟನು.

ಇನ್ನೊಂದು ಪಕ್ಷವನ್ನೂ ಕೇಳಬೇಕು. ಲಗ್ಗೆ ಮುಗಿದ ಮೇಲೆ ಬಹಳ ದಣಿದಿರುವುದರಿಂದ ಬೇರೊಬ್ಬನನ್ನು ಕಳಿಸಬೇಕೆಂದು ಬೇರ್ಡ್ ತಾನೇ ಹೇಳಿಕಳುಹಿಸಿದ್ದನು. ಆ ರಾತ್ರಿ ಪಟ್ಟಣ ಸೂರೆಹೋಗುತ್ತಿತ್ತು, ಮನೆಮನೆಯಲ್ಲಿಯೂ ಗೋಳು. ವೆಲ್ಲೆಸ್ಲಿ ಬಂದವನೇ ಸೂರೆಗಾರರಲ್ಲಿ ನಾಲ್ವರನ್ನು ನೇಣುಹಾಕಿಸಿ, ಹಲವರಿಗೆ ಚಾಟಿಯೇಟು ಕೊಡಿಸಿ, ಜನ ಮನೆಗಳಿಗೆ ಹಿಂದಿರುಗುವಂತೆ ಮಾಡಿದನು. ಬೇರ್ಡ್ ಧೀರನಾದರೂ ಮುಂಗೋಪಿಯೆಂದೂ, ನಾಡಿನ ಜನರೊಡನೆ ನಯದಿಂದ ನಡೆಯುವುದು ಅವನಿಗೆ ತಿಳಿಯದೆಂದೂ, ಆ ಕೆಲಸಕ್ಕೆ ತಾನೇ ತಕ್ಕವನಾಗಿದ್ದೆನೆಂದೂ ವೆಲ್ಲೆಸ್ಲಿ ಮುಂದೆ ಹೇಳಿಕೊಂಡನು. ಇರಬಹುದು. ಆದರೆ ಹ್ಯಾರಿಸನು ಈ ಕಾರಣಗಳನ್ನು ಅಂದು ಎಲ್ಲರೂ ಕೇಳುವಂತೆ ಹೇಳಲಿಲ್ಲ. ಕಾರಣ ಹೇಳದೆ ಹೋದುದರಿಂದ ದಂಡಿನವರಿಗೆ ಕಂಡುದು ಒಂದೇ: ಆರಿಸಲ್ಪಟ್ಟವನು ಗವರ್ನರ್ ಜನರಲ್ಲನ ತಮ್ಮ.

ಸೂರೆಯ ಹಣವನ್ನು ಪಾಲುಮಾಡಿದಾಗ ಜನರಲ್ ಹ್ಯಾರಿಸನಿಗೆ ಎಂಟರಲ್ಲೊಂದು ಭಾಗ ಹೋಯಿತು. ವೆಲ್ಲೆಸ್ಲಿಗೆ ಸುಮಾರು 4,000 ಪೌಂಡು; ಬಿಳಿಯ ಸಿಪಾಯಿಗೆ 7; ನಾಡಸಿಪಾಯಿಗೆ 5. ನೇಣಿಗೇರಿದ ನಾಲ್ವರು ಮಾಡಿದುದು ಕಟ್ಟಳೆಯಿಲ್ಲದ ಸೂರೆ. ಇದು ಕಟ್ಟಳೆಯುಳ್ಳ ಪಾಲು. ತಪ್ಪಿಗೆ ಶಿಕ್ಷೆ ಕೆಳಗಿನವನಿಗೆ ಒಂದೇ ಹಗಲಿನಲ್ಲಿ ತಲುಪುತ್ತದೆ. ಮೇಲಿನವನ ಬಳಿಗೆ ಬರುವಾಗ ಅದಕ್ಕೆ ದಾರಿಯಲ್ಲಿ ಹಲವು ಛತ್ರಗಳು ಸಿಗುತ್ತವೆ.

ಎರಡು ವರ್ಷ ಕಳೆಯುವಷ್ಟರಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 1801ರಲ್ಲಿ ವೆಲ್ಲೆಸ್ಲಿಯ ಕೈಯಲ್ಲಿದ್ದ ಕಡಲಾಚೆಯ ದಂಡಿನ ನಾಯಕತ್ವವನ್ನು ತೆಗೆದು ಬೇರ್ಡ್‌ಗೆ ಕೊಡಲಾಯಿತು. ಶ್ರೀರಂಗಪಟ್ಟಣದಲ್ಲಿ ಈ ಬಗೆಯ ಆಯ್ಕೆಯನ್ನು ಸಹಜವೆಂದು ಸ್ವೀಕರಿಸಿದ್ದ ವೆಲ್ಲೆಸ್ಲಿ ಈಗ ಅಣ್ಣನ ಮೇಲೆಯೇ ಮುನಿದು ಕಾಗದಗಳನ್ನು ಬರೆದನು. ಹಿರಿತನದ ನ್ಯಾಯ ಮನುಷ್ಯನಿಗೆ ನೆನಪಾಗುವುದು ತಾನು ಹಿಂದುಳಿದಾಗ.

ವೆಲ್ಲೆಸ್ಲಿ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ 1815ರಲ್ಲಿ ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದನು. 1828ರಲ್ಲಿ ಇಂಗ್ಲೆಂಡಿನ ಪ್ರಧಾನಿಯೂ ಆದನು. ಬೇರ್ಡ್ 1809ರಲ್ಲಿ ಸ್ಪೇನಿನ ಕೊರುನ್ಯ ಕಾಳಗದಲ್ಲಿ ಎಡಗೈಯನ್ನು ಕಳೆದುಕೊಂಡನು. ಮತ್ತೆ ರಣರಂಗವನ್ನು ಕಾಣಲಿಲ್ಲ. ಇದನ್ನೆಲ್ಲ ಓದಿದವರು ಆಯ್ಕೆ ಸರಿಯೇ ಆಗಿತ್ತೆಂದು ಹೇಳಿಬಿಡುತ್ತಾರೆ. ಗೆದ್ದೆತ್ತಿನ ಬಾಲ ಹಿಡಿಯುವುದು ಚರಿತ್ರೆಗೂ ಅಂಟಿದ ಚಾಳಿ. ಆದರೆ 1799ರ ಮೇ 5ರ ಬೆಳಗ್ಗೆ ವಾಟರ್‌ಲೂ ಯಾರ ಕಣ್ಣಿಗೂ ಕಂಡಿರಲಿಲ್ಲ. ತಮ್ಮನೆಂದು ಆರಿಸಿದವನು ಸಮರ್ಥನಾದುದು ಆರಿಸಿದವರ ಅದೃಷ್ಟ. ಅದೃಷ್ಟವನ್ನು ನಿಯಮವೆಂದು ನಂಬಿದ ದೇಶ ಇನ್ನೊಂದು ದಿನ ಅದರ ಸಾಲವನ್ನು ತೀರಿಸಬೇಕಾಗುತ್ತದೆ.

ಅಂಥ ದಿನ ಸ್ವತಂತ್ರ ಭಾರತಕ್ಕೂ ಬಂದಿತು. ಅದರಲ್ಲಿಯೂ ಕನ್ನಡನಾಡಿನ ಒಬ್ಬ ಸೇನಾಪತಿಯ ಹೆಸರು ಸೇರಿದೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು 1948ರಲ್ಲಿ ಹಿಮ ಮುಚ್ಚಿದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಗೆದ್ದ ವೀರರು. 1957ರಲ್ಲಿ ಅವರು ಭೂಸೈನ್ಯದ ಮುಖ್ಯಸ್ಥರಾದರು. ತಮಗಿಂತ ಹಿರಿಯರಾದ ಇಬ್ಬರನ್ನು ದಾಟಿಯೇ ಆದರೆಂಬುದನ್ನು ಮರೆಯಬಾರದು. ಆದರೆ ಆ ದಾಟುವಿಕೆಯ ಕಾರಣವನ್ನು ಯಾರೂ ಹುಡುಕಬೇಕಾಗಿರಲಿಲ್ಲ. ಅವರ ರಣರಂಗದ ದಾಖಲೆ ಎಲ್ಲರ ಕಣ್ಣ ಮುಂದಿತ್ತು. 1959ರಲ್ಲಿ ರಕ್ಷಣಾಮಂತ್ರಿ ಕೃಷ್ಣಮೆನನ್ನರಿಗೂ ಅವರಿಗೂ ಹಲವು ವಿಷಯಗಳಲ್ಲಿ ವಿರಸವಾಯಿತು. ಅವುಗಳಲ್ಲಿ ಮುಖ್ಯವಾದುದು ಹಿರಿಯ ಅಧಿಕಾರಿಗಳ ಬಡ್ತಿ. ಬಿ. ಎಂ. ಕೌಲ್ ಎಂಬವರು ಲೆಫ್ಟಿನೆಂಟ್ ಜನರಲ್ ಆದರು. ರಣರಂಗದಲ್ಲಿ ದಂಡನ್ನು ನಡೆಸಿದ ಅನುಭವ ಅವರಿಗೆ ಸಾಲದೆಂಬ ಆಕ್ಷೇಪವಿತ್ತು. ಪ್ರಧಾನಿ ನೆಹರೂ ಅವರ ವಿಶ್ವಾಸ ಮಾತ್ರ ಬೇಕಾದಷ್ಟಿತ್ತು. ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆ ಬರೆದುಕೊಟ್ಟರು. ನೆಹರೂ ಅವರ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡರು. 1961ರಲ್ಲಿ ನಿವೃತ್ತರಾದರು.

1962ರ ಅಕ್ಟೋಬರಿನಲ್ಲಿ ಚೀನದ ಗಡಿಯಲ್ಲಿ ನಾಲ್ಕನೆಯ ಕೋರಿನ ನಾಯಕತ್ವ ಕೌಲರಿಗೆ ಬಂದಿತು. ಬೆಟ್ಟದ ಎತ್ತರದಲ್ಲಿ ಕಾಯಿಲೆಬಿದ್ದ ಅವರು ದೆಹಲಿಯ ಹಾಸಿಗೆಯಿಂದ ಯುದ್ಧ ನಡೆಸುವ ಸ್ಥಿತಿಯಾಯಿತು. ಅಕ್ಟೋಬರ್ 20ರಂದು ನಾಮ್ಕಾ ಚೂ ಹೊಳೆಯ ದಂಡೆಯಲ್ಲಿ ಬ್ರಿಗೇಡಿಯರ್ ದಳ್ವಿಯವರ ಪಡೆ ಒಡೆದುಹೋಯಿತು. ಆ ಜಾಗದಲ್ಲಿ ನಿಲ್ಲುವುದು ಆಗದ ಮಾತೆಂದು ಮೊದಲೇ ಹೇಳಿದ್ದ ದಳ್ವಿಯವರು ಸೆರೆಸಿಕ್ಕು ಏಳು ತಿಂಗಳು ಚೀನದಲ್ಲಿ ಕಳೆದರು. ಅವರು ಬರೆದ ‘ಹಿಮಾಲಯನ್ ಬ್ಲಂಡರ್’ ಪುಸ್ತಕವನ್ನು ರವಿ ಬೆಳಗೆರೆಯವರ ಅನುವಾದದಲ್ಲಿ ಕನ್ನಡಿಗರೂ ಓದಿದ್ದಾರೆ. ಪೊಳ್ಳಿಲೂರಿನ ಬೇರ್ಡ್‌ನಿಗೂ ನಾಮ್ಕಾ ಚೂವಿನ ದಳ್ವಿಯವರಿಗೂ ನಡುವೆ ನೂರೆಂಬತ್ತೆರಡು ವರ್ಷಗಳ ಅಂತರವಿದೆ. ಮೇಲಿನವರ ತಪ್ಪನ್ನು ಕೆಳಗಿನವರು ಸೆರೆಯಲ್ಲಿ ತೀರಿಸುವ ರೀತಿ ಮಾತ್ರ ಒಂದೇ.

ಕೃಷ್ಣಮೆನನ್ನರು ಪದವಿ ಬಿಟ್ಟರು. ಸೈನ್ಯದ ಮುಖ್ಯಸ್ಥ ಥಾಪರರೂ ಕೌಲರೂ ರಾಜೀನಾಮೆಯಿತ್ತರು. ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ ವಿಚಾರಣೆ ನಡೆಸಿ 1963ರಲ್ಲಿ ವರದಿ ಒಪ್ಪಿಸಿದರು. ಸರ್ಕಾರ ಅದನ್ನು ಇಂದಿಗೂ ಪ್ರಕಟಿಸಿಲ್ಲ; 2014ರಲ್ಲಿ ಅದರ ಒಂದು ಭಾಗವನ್ನು ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪತ್ರಕರ್ತನು ಹೊರಗೆಡಹಿದ್ದಷ್ಟೆ. ಪದವಿ ಬಿಡುವುದು ಒಂದು. ಲೆಕ್ಕ ಒಪ್ಪಿಸುವುದು ಇನ್ನೊಂದು. ರಾಜೀನಾಮೆಯಿಂದ ಮನುಷ್ಯ ಹೋಗುತ್ತಾನೆ. ತಪ್ಪು ಯಾವುದೆಂದು ತಿಳಿಯದೆ ಹೋದರೆ ಅದು ಕಚೇರಿಯಲ್ಲಿಯೇ ಉಳಿದು ಮುಂದಿನವನಿಗಾಗಿ ಕಾಯುತ್ತದೆ.

ಬಹಿರಂಗವಾದ ಲೆಕ್ಕ ಸಾಧ್ಯವೇ ಎಂದು ಕೇಳುವವರಿಗೆ ವೆಲ್ಲೆಸ್ಲಿಯ ಬಾಳಿನಲ್ಲಿಯೇ ಉತ್ತರವಿದೆ. 1808ರಲ್ಲಿ ಪೋರ್ಚುಗಲ್ಲಿನಲ್ಲಿ ಅವನು ಫ್ರೆಂಚರನ್ನು ಗೆದ್ದ ಮೇಲೆ, ಆಗತಾನೆ ಬಂದಿಳಿದ ಇಬ್ಬರು ಹಿರಿಯ ಜನರಲ್ಲರು ಸೋತ ಶತ್ರುವನ್ನು ಅವನ ಕೊಳ್ಳೆಯ ಸಮೇತ ಇಂಗ್ಲಿಷ್ ಹಡಗುಗಳಲ್ಲಿಯೇ ಊರಿಗೆ ಕಳುಹಿಸಲು ಒಪ್ಪಂದ ಮಾಡಿಕೊಂಡರು. ಇಂಗ್ಲೆಂಡಿನ ಜನ ಸಿಡಿದೆದ್ದರು. ಮೂವರನ್ನೂ ಹಿಂದಕ್ಕೆ ಕರೆಸಿ ಚೆಲ್ಸಿಯಲ್ಲಿ ವಿಚಾರಣೆ ನಡೆಸಲಾಯಿತು. ಹಿರಿಯರಿಬ್ಬರಿಗೆ ಮತ್ತೆ ರಣರಂಗದ ನಾಯಕತ್ವ ಸಿಕ್ಕಲಿಲ್ಲ. ವೆಲ್ಲೆಸ್ಲಿ ಮರುವರ್ಷ ಪೋರ್ಚುಗಲ್ಲಿಗೆ ಹಿಂದಿರುಗಿದನು. ಈ ಸಲ ಅವನನ್ನು ಯಾರೊಬ್ಬರೂ ಅಣ್ಣನ ತಮ್ಮನೆಂದು ಹಂಗಿಸಬೇಕಾಗಿರಲಿಲ್ಲ. ವಿಚಾರಣೆ ತಪ್ಪಿತಸ್ಥನಿಗೆ ಮಾತ್ರ ಬೇಕಾದುದಲ್ಲ. ಯೋಗ್ಯನಿಗೆ ಅದಕ್ಕಿಂತ ಹೆಚ್ಚಾಗಿ ಬೇಕು.

ಇಂದಿನ ಭಾರತೀಯ ಸೈನ್ಯದಲ್ಲಿ ಮೇಲಿನ ಪದವಿಗಳಿಗೆ ಆಯ್ಕೆಮಂಡಲಿಗಳಿವೆ. ಬೇರ್ಡ್‌ಗೆ ಇದ್ದುದು ಹ್ಯಾರಿಸನಿಗೆ ಕಾಗದ ಬರೆಯುವ ದಾರಿಯೊಂದೇ. ಈಗಿನ ಅಧಿಕಾರಿಗೆ 2007ರ ಶಾಸನದಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಲಿಯಿದೆ. ಇದು ಸಣ್ಣ ಲಾಭವಲ್ಲ. ಆದರೂ 1983ರಲ್ಲಿ ಲೆಫ್ಟಿನೆಂಟ್ ಜನರಲ್ ಎಸ್. ಕೆ. ಸಿನ್ಹಾ ಅವರನ್ನು ದಾಟಿ ಇನ್ನೊಬ್ಬರು ಮುಖ್ಯಸ್ಥರಾದಾಗ ಅವರು ಮೌನವಾಗಿ ಸೈನ್ಯದಿಂದ ಹೊರನಡೆದರು. 2016ರಲ್ಲಿ ಇಬ್ಬರು ಹಿರಿಯರನ್ನು ದಾಟಿ ಜನರಲ್ ಬಿಪಿನ್ ರಾವತ್ ಆ ಪದವಿಗೆ ಬಂದಾಗ ಅದೇ ಚರ್ಚೆ ಮತ್ತೆ ಎದ್ದಿತು. ಹಿರಿತನವೊಂದನ್ನೇ ನೋಡಿದರೆ ವಯಸ್ಸಿಗೆ ಪಟ್ಟ ಕಟ್ಟಿದಂತಾಗುತ್ತದೆ. ಯೋಗ್ಯತೆಯೆಂಬ ಹೆಸರಿನಲ್ಲಿ ಹಿರಿತನವನ್ನು ತಳ್ಳಿದರೆ, ಆ ಯೋಗ್ಯತೆ ಯಾವುದೆಂದು ಹೇಳುವ ಋಣ ತಳ್ಳಿದವರ ಮೇಲೆ ಬೀಳುತ್ತದೆ. ಆ ಋಣವನ್ನು ತೀರಿಸಿದರೆ ಹಿಂದುಳಿದವನಿಗೆ ನೋವಾದೀತು, ಅಪಮಾನವಾಗದು.

ಬೇರ್ಡ್ 1829ರಲ್ಲಿ ತೀರಿಕೊಂಡನು. ಅವನ ಹೆಂಡತಿ ಡೇವಿಡ್ ವಿಲ್ಕಿ ಎಂಬ ಹೆಸರಾಂತ ಚಿತ್ರಕಾರನಿಂದ ಒಂದು ದೊಡ್ಡ ಚಿತ್ರವನ್ನು ಬರೆಯಿಸಿದಳು. 1839ರಲ್ಲಿ ಅದು ಮುಗಿಯಿತು. ಟಿಪ್ಪುವಿನ ದೇಹದ ಬಳಿ ದೀಪದ ಬೆಳಕಿನಲ್ಲಿ ಬೇರ್ಡ್ ನಿಂತಿದ್ದಾನೆ. ಅವನ ಕಾಲ ಕೆಳಗೆ ಸೆರೆಮನೆಯ ಕಿಂಡಿಯ ಸರಳುಗಳು. ಸರ್ಕಾರ ಇಡದ ಲೆಕ್ಕವನ್ನು ಒಬ್ಬ ಹೆಂಗಸು ಬಣ್ಣದಲ್ಲಿ ಬರೆಯಿಸಿಟ್ಟಳು. ಸುಲ್ತಾನಪೇಟೆಯ ತೋಪಿನಲ್ಲಿ ಆ ರಾತ್ರಿ ಸತ್ತವರಿಗೂ, ಮಳವಳ್ಳಿಯ ಬಯಲಿನಲ್ಲಿ ಸಾಲಾಗಿ ಬಿದ್ದ ಮೈಸೂರಿನ ಕಾಲಾಳುಗಳಿಗೂ ಹೆಂಡಿರು ಮಕ್ಕಳಿದ್ದರು. ಅವರಲ್ಲಿ ಯಾರಿಗೂ ಚಿತ್ರ ಬರೆಯಿಸುವ ಅನುಕೂಲವಿರಲಿಲ್ಲ. ಸೇನಾಪತಿಗಳಿಂದ ಲೆಕ್ಕ ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಇದ್ದುದು ಅವರಿಗೆ.